ಲೇಔಟ್‌ಗೆ ನೀರಿನ ಪೈಪು: ದುಡ್ಡು ಯಾರು ಕಟ್ಟಬೇಕು?

ಪ್ರಶ್ನೆ: ಚಿಕ್ಕಮಗಳೂರಿನ ಹೊರವಲಯದ ಖಾಸಗಿ ಲೇಔಟ್‌ನಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಒಟ್ಟು 120 ಸೈಟು. ನಗರಸಭೆಯ ಮೇನ್ ಲೈನ್ ಇರುವುದು 800 ಮೀಟರ್ ದೂರದಲ್ಲಿ. ಅಲ್ಲಿಂದ 200 ಮಿ.ಮೀ. ಪೈಪು ಎಳೆಯಲು 21 ಲಕ್ಷ ರೂಪಾಯಿಯ ಎಸ್ಟಿಮೇಟ್ ಆಗಿದೆ. ಗೇಟಿನ ಆಚೆಯದು ತಮ್ಮ ಕೆಲಸ ಅಲ್ಲ ಅಂತಾರೆ ಲೇಔಟ್ ಮಾಡಿದವರು. ಅವರೇ ಕಟ್ಟಬೇಕು ಅಂತಾರೆ ನಗರಸಭೆ ಕಚೇರಿಯವರು. ಕೊನೆಗೆ ಸೈಟಿಗೆ 17,500 ರೂಪಾಯಿಯಂತೆ ನೀವೇ ಹಾಕಿಕೊಳ್ಳಿ ಎಂಬ ಮಾತು ಬಂದಿದೆ. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಡುತ್ತದೆ. ಏನು ಮಾಡೋಣ ಸರ್?

ಉತ್ತರ: ಮೊದಲು ದುಡ್ಡು ಕೊಡಬೇಡಿ. ಮೊದಲು ಕಾಗದ ತೆಗೆಸಿ.

ನಗರಾಭಿವೃದ್ಧಿ ಪ್ರಾಧಿಕಾರ ನಿಮ್ಮ ಲೇಔಟ್‌ಗೆ ಅನುಮೋದನೆ ಕೊಟ್ಟಾಗ ಒಂದು ಆದೇಶ ಹೊರಡಿಸಿರುತ್ತದೆ. ಅದರಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ನೀರಿನ ಬಗ್ಗೆ ಏನು ಬರೆದಿದೆ, ಯಾವ ಹಣ ಕಟ್ಟಿಸಿಕೊಂಡಿದ್ದಾರೆ, ಅದನ್ನು ಓದಿ. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಜೊತೆಗೆ ನಿಮ್ಮ ಕ್ರಯದ ಕರಾರು ಮತ್ತು ಮಾರಾಟದ ಬ್ರೋಷರ್ ಎರಡನ್ನೂ ತೆಗೆದಿಡಿ. ಬ್ರೋಷರ್‌ನಲ್ಲಿ ‘ಕಾವೇರಿ ನೀರು, ಹೇಮಾವತಿ ನೀರು’ ಅಂತ ಬಣ್ಣ ಬಣ್ಣವಾಗಿ ಹಾಕಿರುತ್ತಾರೆ. ಆ ಹಾಳೆಗೂ ಬೆಲೆ ಇದೆ.

‘ಗೇಟಿನ ಆಚೆಯದು ನನ್ನದಲ್ಲ’ ಎಂಬ ಮಾತು ಅಷ್ಟು ಗಟ್ಟಿಯಲ್ಲ. 2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಒಳಗಿನ ಅಭಿವೃದ್ಧಿ ಕೆಲಸ, ಹೊರಗಿನ ಅಭಿವೃದ್ಧಿ ಕೆಲಸ ಎಂದು ಎರಡನ್ನೂ ಹೆಸರಿಸಿದೆ. ಲೇಔಟ್‌ನ ಹೊರಗಿದ್ದರೂ ಅದರ ಅನುಕೂಲಕ್ಕೆ ಹಾಕುವ ನೀರಿನ ವ್ಯವಸ್ಥೆ ಎರಡನೆಯದಕ್ಕೆ ಸೇರುತ್ತದೆ. ಅದನ್ನು ಯಾರು ಮಾಡಬೇಕು ಎಂಬುದು ಷರತ್ತು ಮತ್ತು ಕರಾರಿನಲ್ಲಿ ಸಿಗುತ್ತದೆ. ಹಾಗಂತ 21 ಲಕ್ಷವನ್ನೂ ಅವರ ತಲೆಗೇ ಕಟ್ಟುವುದೂ ಸರಿಯಲ್ಲ. ಯಾಕೆ ಅಂತ ಹೇಳುತ್ತೇನೆ.

ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯಿರಿ. ಒಳಚರಂಡಿ ಇರುವ ಊರುಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಹೇಳುವ ಲೆಕ್ಕ ಇದು. 120 ಮನೆಗೆ ದಿನಕ್ಕೆ 81,000 ಲೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೆ 100 ಮಿ.ಮೀ. ಪೈಪಿನಲ್ಲಿ ಗಂಟೆಗೆ ಸುಮಾರು 28,000 ಲೀಟರ್ ಬರುತ್ತದೆ. ದಿನಾ ಮೂರು ಗಂಟೆ ಬಿಟ್ಟರೆ ಸಾಕು. ಆದರೆ ನಮ್ಮೂರುಗಳಲ್ಲಿ ದಿನಾ ಬಿಡುವುದೆಲ್ಲಿ? ಎರಡು ದಿನಕ್ಕೊಮ್ಮೆ ಬಿಟ್ಟರೆ 1,62,000 ಲೀಟರ್ ಒಂದೇ ಸಲ ಬರಬೇಕು. ಅದೇ ಪೈಪಿಗೆ ಸುಮಾರು ಆರು ಗಂಟೆ ಬೇಕಾಗುತ್ತದೆ. ವಾಲ್ವ್‌ಮನ್ ಅಷ್ಟು ಹೊತ್ತು ಬಿಡುವುದಿಲ್ಲ. 150 ಮಿ.ಮೀ. ಆದರೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿಗೆ ನಿಮ್ಮ ಲೇಔಟ್‌ನ ಅಗತ್ಯ 150.

ಹಾಗಾದರೆ 200 ಯಾಕೆ? ಆ ದಾರಿಯಲ್ಲಿ ನಾಳೆ ಇನ್ನೂ ನಾಲ್ಕು ಲೇಔಟ್ ಏಳುತ್ತವೆ ಅಂತ ಇಂಜಿನಿಯರ್‌ಗೆ ಗೊತ್ತು. ಈಗಲೇ ದೊಡ್ಡದು ಹಾಕುವುದು ಜಾಣತನವೇ. ಪೈಪು ಯಾವುದಾದರೂ ಕಾಲುವೆ ಒಂದೇ ಸಲ ತೋಡುವುದು, ರಸ್ತೆ ಒಂದೇ ಸಲ ಅಗೆಯುವುದು. ಆದರೆ ನಾಳೆ ಬರುವವರ ಪೈಪಿಗೆ ಇವತ್ತು ಇರುವವರು ಯಾಕೆ ದುಡ್ಡು ಕೊಡಬೇಕು ಅಲ್ವಾ?

ಅದಕ್ಕೇ ಎರಡು ಎಸ್ಟಿಮೇಟ್ ಕೇಳಿ, 150ಕ್ಕೊಂದು, 200ಕ್ಕೊಂದು. ಮಾತಿಗೆ, 150ಕ್ಕೆ 16 ಲಕ್ಷ ಬಂತು ಅನ್ನಿ. ಆ 16 ಲಕ್ಷ ಲೇಔಟ್ ಮಾಡಿದವರ ಪಾಲು. ಮಿಕ್ಕ 5 ಲಕ್ಷ ನಗರಸಭೆಯದು. ಅದನ್ನು ಅವರು ಮುಂದೆ ಆ ಲೈನಿಗೆ ಸೇರುವ ಲೇಔಟ್‌ಗಳಿಂದ ವಸೂಲಿ ಮಾಡಿಕೊಳ್ಳಲಿ. ನಾನು ನೋಡಿದಂತೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಮೊದಲು ಪೈಪು ಹಾಕಿಸಿದವರಿಗೆ ಆಮೇಲೆ ಸೇರುವವರು ತಮ್ಮ ಪಾಲು ಕೊಡಬೇಕು. ಆ ಒಪ್ಪಂದ 20 ವರ್ಷ ನಡೆಯುತ್ತದೆ. ಇಲ್ಲೂ ಬರವಣಿಗೆಯಲ್ಲಿ ಅಂಥ ಷರತ್ತು ಕೇಳುವುದರಲ್ಲಿ ತಪ್ಪೇನಿಲ್ಲ.

‘ದಿನಾ ನೀರು ಕೊಡಿ, ನನಗೆ 100 ಸಾಕು’ ಎಂದು ಲೇಔಟ್ ಮಾಡಿದವರು ವಾದ ಹೂಡಬಹುದು. ಲೆಕ್ಕದ ಮಟ್ಟಿಗೆ ಅದು ಸರಿ. ಲೇಔಟ್‌ನೊಳಗೆ ಅವರೇ ದೊಡ್ಡ ಸಂಪು ಕಟ್ಟಿಕೊಟ್ಟರೆ, ರಾತ್ರಿಯಿಡೀ ತುಂಬಿಸಲು ನಗರಸಭೆ ಒಪ್ಪಿದರೆ, 100 ಸಾಕಾಗುತ್ತದೆ. ಎರಡೂ ಇಲ್ಲದಿದ್ದರೆ ಒಪ್ಪಬೇಡಿ.

ನಿಮ್ಮ 17,500ಕ್ಕೆ ಬರೋಣ. 21 ಲಕ್ಷವನ್ನು 120ರಿಂದ ಭಾಗಿಸಿದರೆ ಬರುವುದು ಸರಿಯಾಗಿ ಅಷ್ಟೇ. ಅಂದರೆ ಲೇಔಟ್ ಮಾಡಿದವರ ಪಾಲು, ನಗರಸಭೆಯ ಪಾಲು ಎರಡೂ ನಿಮ್ಮ ಮೇಲೆಯೇ ಬಿದ್ದಿವೆ! ಕರಾರಿನಲ್ಲಿ ನೀರಿನ ಸಂಪರ್ಕದ ಮಾತಿದ್ದರೆ ನಿವಾಸಿಗಳ ಸಂಘದ ಮೂಲಕ ಅವರಿಗೆ ನೋಟಿಸ್ ಕೊಡಿ. ಜಗ್ಗದಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು ಹಾಕಿ. ನಗರಾಭಿವೃದ್ಧಿ ಪ್ರಾಧಿಕಾರ ಮಾರಾಟಕ್ಕೆ ಇನ್ನೂ ಬಿಡುಗಡೆ ಮಾಡದ ಸೈಟುಗಳಿದ್ದರೆ ಅದಕ್ಕೂ ಒಂದು ಪತ್ರ ಬರೆಯಿರಿ. ಸೈಟು ತಡೆಹಿಡಿದರೆ ಲೇಔಟ್ ಮಾಡಿದವರು ತಾವೇ ಹುಡುಕಿಕೊಂಡು ಬರುತ್ತಾರೆ.

ಬೇಸಿಗೆ ತಡೆಯಲಾಗದೆ ನೀವೇ ಹಣ ಹಾಕುವುದಾದರೆ ಕೈಗೆ ಕೊಡಬೇಡಿ. ನಗರಸಭೆ ಹೆಸರಿಗೆ ಕಟ್ಟಿ, ರಸೀದಿ ಪಡೆಯಿರಿ. ‘ಹಣ ವಾಪಸ್ ಕೇಳುವ ಹಕ್ಕು ಕಾಯ್ದಿರಿಸಿ ಕಟ್ಟುತ್ತಿದ್ದೇವೆ’ ಎಂದು ಪತ್ರದಲ್ಲಿ ಬರೆಯಿರಿ.

ಇನ್ನೊಂದು ವಿಷಯವಿದೆ, ಇದನ್ನು ಮರೆತವರೇ ಜಾಸ್ತಿ. ಪೈಪು ಹಾಕಿದ ಮಾತ್ರಕ್ಕೆ ನೀರು ಬರುವುದಿಲ್ಲ. ಚಿಕ್ಕಮಗಳೂರಿಗೆ ನೀರು ಬರುವುದು ಯಗಚಿಯಿಂದ ಮತ್ತು ಹಿರೇಕೊಳಲೆ ಕೆರೆಯಿಂದ. ಊರೋ ಏರು ತಗ್ಗಿನದು. ನಿಮ್ಮ ಲೇಔಟ್ ದಿಣ್ಣೆಯ ಮೇಲಿದ್ದರೆ ತಗ್ಗಿನ ಬೀದಿಗಳು ತುಂಬಿದ ಮೇಲೆಯೇ ನಿಮ್ಮ ಸರದಿ. ಒಂದಂತಸ್ತಿನ ಮನೆಗೂ, ಬೀದಿ ಪೈಪಿನಿಂದ ಸಂಪರ್ಕ ತೆಗೆಯುವ ಜಾಗದಲ್ಲಿ ಏಳು ಮೀಟರ್ ಒತ್ತಡ, ಅಂದರೆ ನೀರು ಏಳು ಮೀಟರ್ ಎತ್ತರಕ್ಕೆ ಏರುವಷ್ಟು ಒತ್ತಡ ಇರಬೇಕು. ಹಾಗಾಗಿ ಪೈಪು ಜೋಡಿಸುವ ಜಾಗದಲ್ಲಿ ಪ್ರೆಷರ್ ಗೇಜ್ ಇಟ್ಟು ತೋರಿಸಿ ಅಂತ ಕೇಳಿ. ಸುಮ್ನೆ ಒಂದು ದಿನ ಅಲ್ಲ, ಏಪ್ರಿಲ್‌ನಲ್ಲಿ ನೀರು ಬಿಡುವ ಎರಡು ಮೂರು ಸರದಿಯಲ್ಲಿ. ಮಳೆಗಾಲದಲ್ಲಿ ಗೇಜ್ ಇಟ್ಟರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.