ನೆರೆ ಇಳಿದ ಮೇಲೆ ಬಿದ್ದ ಗೋಡೆಯನ್ನು ತೆಗೆಯಬೇಕೋ, ಸಮೀಕ್ಷೆಗೆ ಕಾಯಬೇಕೋ?

ಒಂದು ಗೋಡೆ ಬಿದ್ದಿದೆ, ಉಳಿದ ಮೂರು ಗಟ್ಟಿಯಾಗಿವೆ, ಪರಿಹಾರಕ್ಕಾಗಿ ಹಾನಿ ಅಂದಾಜಿಸುವ ಸರ್ಕಾರಿ ಸಮೀಕ್ಷೆಯವರು ಬರುವವರೆಗೆ ಕಾಯಲೋ ಅಥವಾ ಮಣ್ಣು ತೆಗೆದು ದುರಸ್ತಿ ಆರಂಭಿಸಲೋ ಎಂದು ಕೇಳಿದ್ದೀರಿ. 2019ರ ಆಗಸ್ಟ್‌ನಲ್ಲಿ ನಾನೂ ಇದೇ ಪ್ರಶ್ನೆ ಹೊತ್ತು ನಮ್ಮ ಮನೆಯ ಮುಂದೆ ನಿಂತಿದ್ದೆ.

ನಮ್ಮದು ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರು. ಖಾನಾಪುರದ ಕಡೆ ಬಿಡದೆ ಸುರಿದ ಮಳೆಗೆ ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ಪಟ್ಟದಕಲ್ಲಿನ ದೇವಾಲಯಗಳಿಗೂ ನುಗ್ಗಿದ ವರ್ಷ ಅದು. ನಮ್ಮ ಪಡಸಾಲೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಪರಿಹಾರ ಕೇಂದ್ರದಿಂದ ಮರಳಿದಾಗ ಪಶ್ಚಿಮದ ಗೋಡೆ ನೆಲಕ್ಕೊರಗಿತ್ತು.

ವಯಸ್ಸಾದ ತಾಯಿಯನ್ನು ಆ ರಾಡಿಯಲ್ಲಿ ಕೂರಿಸಲು ಮನಸ್ಸಾಗದೆ, ಮರುದಿನವೇ ಟ್ರ್ಯಾಕ್ಟರ್ ಕರೆಸಿ ಕಲ್ಲುಮಣ್ಣನ್ನೆಲ್ಲ ಊರಾಚೆ ಸಾಗಿಸಿದೆ. ಒಂದೇ ಒಂದು ಫೋಟೊ ತೆಗೆಯಲಿಲ್ಲ. ಗೋಡೆಯ ಮೇಲೆ ನೀರು ಏರಿದ ಗುರುತನ್ನೂ ಸುಣ್ಣ ಬಳಿದು ಅಳಿಸಿದೆ. ನೆರೆಯ ಕುರುಹು ಕಣ್ಣಿಗೆ ಬೀಳದಿದ್ದರೆ ತಾಯಿಗೆ ಸಮಾಧಾನವಾದೀತು ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಆ ಮಣ್ಣಿನ ರಾಶಿಯೇ ನಮ್ಮ ಹಾನಿಗಿದ್ದ ಏಕೈಕ ಸಾಕ್ಷಿ ಎಂಬುದು ಹೊಳೆಯಲೇ ಇಲ್ಲ. ಹನ್ನೆರಡು ದಿನಗಳ ಬಳಿಕ ಸಮೀಕ್ಷೆಗೆ ಬಂದವರು ಕಂಡದ್ದು ಗುಡಿಸಿದ ಅಂಗಳ, ಸುಣ್ಣ ಬಳಿದ ಮೂರು ಗೋಡೆ ಮತ್ತು ತಗಡು ಮರೆಮಾಡಿದ ಒಂದು ಬದಿ. ಕಣ್ಣಿಗೆ ಕಂಡದ್ದನ್ನು ಅವರು ಬರೆದುಕೊಂಡರು. ಪೂರ್ಣ ಬಿದ್ದ ಮನೆಗೆ ಆ ಸಲ 5 ಲಕ್ಷ ರೂಪಾಯಿ ಘೋಷಣೆಯಾಗಿತ್ತು. ನಮ್ಮ ಮನೆ ಅಲ್ಪ ಹಾನಿಯ ‘ಸಿ’ ವರ್ಗಕ್ಕೆ ಸೇರಿ 50 ಸಾವಿರಕ್ಕೆ ನಿಂತಿತು. ಬಿದ್ದದ್ದನ್ನು ಬಿದ್ದಂತೆಯೇ ಬಿಟ್ಟಿದ್ದ ಪಕ್ಕದ ಮನೆಯವರು ಪೂರ್ಣ ಹಾನಿಯ ‘ಎ’ ವರ್ಗದಲ್ಲಿದ್ದರು. ಆಮೇಲೆ ಎಷ್ಟು ಅರ್ಜಿ ಬರೆದರೂ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಆದ್ದರಿಂದ ಕಾಯಬೇಕೋ ತೆಗೆಯಬೇಕೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ದಾಖಲಿಸಿ, ಆಮೇಲೆ ಮುಟ್ಟಿ. ನೀರಿನ ಗುರುತು, ಬಿದ್ದ ಗೋಡೆ, ವಿದ್ಯುತ್ ಮೀಟರ್ ಮತ್ತು ಮನೆಯ ನಂಬರು ಒಂದೇ ಚಿತ್ರದಲ್ಲಿ ಬರುವಂತೆ, ಫೋನಿನ ಲೊಕೇಶನ್ ಆನ್ ಮಾಡಿ ಫೋಟೊ ತೆಗೆಯಿರಿ. ಪಂಚನಾಮೆ ಮಾಡಬೇಕೆಂದು ತಹಶೀಲ್ದಾರರ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸಹಿ, ಮೊಹರು ಪಡೆಯಿರಿ. ಸಾಧ್ಯವಾದರೆ ಇಡೀ ಓಣಿಯವರು ಸೇರಿ ಕೊಡಿ. ಒಬ್ಬನ ಅರ್ಜಿಯನ್ನು ಮರೆಯುವಷ್ಟು ಸುಲಭವಾಗಿ ನಲವತ್ತು ಮನೆಗಳ ಅರ್ಜಿಯನ್ನು ಮರೆಯಲಾಗದು.

ಉಳಿದ ಮೂರು ಗೋಡೆ ಗಟ್ಟಿಯಾಗಿವೆ ಎಂಬ ಮಾತನ್ನಂತೂ ದಯವಿಟ್ಟು ನಂಬಬೇಡಿ. ನಮ್ಮ ಕಡೆಯ ಕಲ್ಲುಮಣ್ಣಿನ ಗೋಡೆಗಳು ನೀರು ನಿಂತಾಗ ಬೀಳುವುದಕ್ಕಿಂತ ಇಳಿದ ಮೇಲೆ ಬೀಳುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಒಳಗೂ ಹೊರಗೂ ನೀರು ಸಮನಾಗಿ ನಿಂತಿರುವಾಗ ಎರಡೂ ಬದಿಯ ಒತ್ತಡ ಸರಿದೂಗುತ್ತದೆ; ನೀರು ಸರಿದಾಗ ಆ ಆಸರೆ ಹೋಗಿ, ನೆನೆದು ಮೆತ್ತಗಾದ ಕೆಸರುಮಣ್ಣೇ ಮಾಳಿಗೆಯ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಅಡಿಯಲ್ಲಿ ಎರೆಮಣ್ಣಿದ್ದರೆ ಅದು ನೆನೆದಾಗ ಉಬ್ಬಿ, ಒಣಗುವಾಗ ಕುಗ್ಗಿ ಪಾಯವನ್ನೇ ಅಲುಗಿಸುತ್ತದೆ. ಪ್ರತಿಯೊಂದು ಬಿರುಕಿನ ತುದಿಗೂ ಸೀಮೆಸುಣ್ಣದಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಗೆರೆಯನ್ನು ದಾಟಿದರೆ ಮತ್ತೆ ಫೋಟೊ ತೆಗೆದು ಎರಡನೆಯ ಅರ್ಜಿ ಕೊಡಿ.

ಬೆಳಕಿರುವಾಗಲೇ ಈ ಕೆಲಸ ಮುಗಿಸಿ, ರಾತ್ರಿ ಮಲಗಲು ಶಾಲೆಗೋ ಗುಡಿಗೋ ಹೋಗಿ. ಸುಣ್ಣ ಬಳಿದಿದ್ದ ನಮ್ಮ ಉತ್ತರದ ಗೋಡೆ ಬಿದ್ದದ್ದು ಸಮೀಕ್ಷೆಯವರು ಬಂದುಹೋದ ಮೂರನೆಯ ವಾರದಲ್ಲಿ, ನಸುಕಿನ ನಾಲ್ಕು ಗಂಟೆಗೆ. ತಾಯಿ ಹಿಂದಿನ ದಿನವಷ್ಟೇ ಅಕ್ಕನ ಊರಿಗೆ ಹೋಗಿದ್ದರು. ಅವರ ಹಾಸಿಗೆ ಆ ಗೋಡೆಯ ಪಕ್ಕದಲ್ಲೇ ಇತ್ತು.