ಬಾಡಿಗೆ ಮನೆಯಲ್ಲಿದ್ದು ಎಲೆಕ್ಟ್ರಿಕ್ ಕಾರ್ ತಗೊಂಡರೆ ಚಾರ್ಜಿಂಗ್ ಖರ್ಚು ನಿಜಕ್ಕೂ ಎಷ್ಟು?

ನೀವು ಕೇಳಿರುವುದು ಇಷ್ಟು. ಬೆಂಗಳೂರಲ್ಲಿ ಬಾಡಿಗೆ ಮನೆ, ಆಫೀಸಿಗೆ ಹೋಗಿ ಬರಲು ದಿನಕ್ಕೆ 40 ಕಿ.ಮೀ., ಆಗಾಗ ಶಿವಮೊಗ್ಗ ಕಡೆ ಊರಿಗೆ ಹೋಗಬೇಕು. ಎಲೆಕ್ಟ್ರಿಕ್ ಕಾರ್ ತಗೊಂಡರೆ ತಿಂಗಳಿಗೆ ಕರೆಂಟ್ ಖರ್ಚು ಎಷ್ಟು, ದಿನಾ ಚಾರ್ಜ್ ಹಾಕಬೇಕಾ, ಫಾಸ್ಟ್ ಚಾರ್ಜ್ ಮಾಡಿದರೆ ಬ್ಯಾಟರಿ ಹಾಳಾಗುತ್ತಾ.

ಯಾವ ಕಾರ್ ಅನ್ನುವುದಕ್ಕಿಂತ ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ನಿಮ್ಮ ಖರ್ಚು ನಿಂತಿದೆ. ಕಾರ್ ನಿಲ್ಲುವ ಜಾಗದಲ್ಲಿ ಒಂದು 15 ಆಂಪ್ ಪ್ಲಗ್ ಪಾಯಿಂಟ್ ಇದ್ದರೆ ಇದು ತುಂಬಾ ಅಗ್ಗದ ಗಾಡಿ. ಇಲ್ಲದಿದ್ದರೆ ಅಷ್ಟೇನೂ ಅಗ್ಗ ಅಲ್ಲ, ಜೊತೆಗೆ ತಲೆನೋವು.

ನನ್ನ ಹತ್ತಿರ ಇರುವುದು ಟಿಯಾಗೊ ಇವಿ, 24 ಯೂನಿಟ್ ಬ್ಯಾಟರಿಯದ್ದು. ಸಿಟಿಯಲ್ಲಿ ಒಂದು ಯೂನಿಟ್‌ಗೆ ಹೆಚ್ಚುಕಮ್ಮಿ 8 ಕಿ.ಮೀ. ಕೊಡುತ್ತದೆ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 1000 ಕಿ.ಮೀ. ಅಂದರೆ 125 ಯೂನಿಟ್ ಆಯಿತು ಅಲ್ವಾ? ಆದರೆ ಮೀಟರ್ ತೋರಿಸುವುದು ಅಷ್ಟಲ್ಲ. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ನೂರಕ್ಕೆ ಹತ್ತು ಹನ್ನೆರಡು ಭಾಗ ಬಿಸಿಯಾಗಿ ಕಳೆದುಹೋಗುತ್ತದೆ. ಹಾಗಾಗಿ 140 ಅಂತ ಇಟ್ಟುಕೊಳ್ಳಿ. 2025–26ರ ದರದಲ್ಲಿ ಮನೆ ಕರೆಂಟಿಗೆ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಶೇ. 9 ತೆರಿಗೆ, ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಅಂತ 36 ಪೈಸೆ. ಎಲ್ಲ ಸೇರಿ 6.70ರ ಹತ್ತಿರ ಬರುತ್ತದೆ. ಅಂದರೆ ತಿಂಗಳಿಗೆ 950 ರೂಪಾಯಿ. ಕಿಲೋಮೀಟರಿಗೆ ಒಂದು ರೂಪಾಯಿಗಿಂತ ಕಮ್ಮಿ. ಇಷ್ಟೇ ಓಡಾಟಕ್ಕೆ ಸಿಟಿಯಲ್ಲಿ 14ರ ಮೈಲೇಜ್ ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್‌ಗೆ 103 ಅಂತ ಹಿಡಿದರೂ, ಏಳು ಸಾವಿರದ ಮೇಲೆ ಬೇಕು.

ಶೋರೂಮಿನವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಕರ್ನಾಟಕದಲ್ಲಿ ಇರುವವರು ಇನ್ನೊಂದು ಸಾಲು ಸೇರಿಸಬೇಕು, ಅದು ಗೃಹಜ್ಯೋತಿ. ನೀವು ಈಗ ತಿಂಗಳಿಗೆ 90 ಯೂನಿಟ್ ಸುಟ್ಟು ಸೊನ್ನೆ ಬಿಲ್ ನೋಡುತ್ತಿದ್ದೀರಿ ಅಂದುಕೊಳ್ಳಿ. ಕಾರ್ ಬಂದ ತಿಂಗಳು 230 ಆಗುತ್ತದೆ. 200 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಇಡೀ ಬಿಲ್ ನಿಮ್ಮದೇ. 230 ಯೂನಿಟ್‌ಗೆ ಸಾವಿರದ ಐನೂರು ಚಿಲ್ಲರೆ, ಮನೆಗೆ ಮಂಜೂರಾದ ಲೋಡ್ (ಒಟ್ಟಿಗೆ ಎಳೆಯಬಹುದಾದ ಕರೆಂಟ್) ಮೂರು ಕಿಲೋವ್ಯಾಟ್ ಇದ್ದರೆ ಅದೇ ವರ್ಷದ ದರದಲ್ಲಿ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ 435, ಒಟ್ಟು ಎರಡು ಸಾವಿರದ ಹತ್ತಿರ. ನಿನ್ನೆವರೆಗೆ ಸೊನ್ನೆ ಇದ್ದದ್ದು ಕಾರಿನಿಂದಾಗಿ ಎರಡು ಸಾವಿರ ಆಯಿತು ಅಂದಮೇಲೆ ಅದು ಕಾರಿನ ಖರ್ಚೇ ತಾನೆ? ಆಗಲೂ ಪೆಟ್ರೋಲಿಗೆ ಹೋಲಿಸಿದರೆ ಲಾಭವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ‘ಕಿಲೋಮೀಟರಿಗೆ ಒಂದೇ ರೂಪಾಯಿ’ ಅಂತ ಮನೆಯಲ್ಲಿ ಹೇಳಿ ಒಪ್ಪಿಸಿದ್ದರೆ ಮೊದಲ ಬಿಲ್ ಬಂದ ದಿನ ಮಾತು ಕೇಳಬೇಕಾಗುತ್ತದೆ.

ಇದಕ್ಕೆ ಒಂದು ದಾರಿ ಇದೆ. ಕಾರಿಗೆ ಅಂತಲೇ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವುದು. ಇವಿ ಚಾರ್ಜಿಂಗಿಗೆ ಯೂನಿಟ್ ದರ ಮನೆ ದರಕ್ಕಿಂತ ಕಮ್ಮಿ, ಮನೆ ಮೀಟರಿನ ಗೃಹಜ್ಯೋತಿಗೂ ಧಕ್ಕೆ ಇಲ್ಲ. ಅದಕ್ಕೂ ನಿಗದಿತ ಶುಲ್ಕ ಬೇರೆ ಬರುತ್ತದೆ ಅನ್ನುವುದು ನೆನಪಿರಲಿ. ಸ್ವಂತ ಮನೆಯವರಿಗೆ ಇದು ಸರಿಯಾದ ದಾರಿ. ಬಾಡಿಗೆ ಮನೆಯಲ್ಲಿ ಮಾಲೀಕರು ಅರ್ಜಿ ಹಾಕಬೇಕು, ಕಟ್ಟಡದ ಕಾಗದಪತ್ರ ಸರಿ ಇರಬೇಕು, ಮುಖ್ಯವಾಗಿ ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇದೆಯಾ ಅಂತ ಕೇಳುತ್ತಾರೆ. ಎಷ್ಟು ಜನ ಮಾಲೀಕರು ಬಾಡಿಗೆದಾರನ ಕಾರಿಗಾಗಿ ಇಷ್ಟು ಓಡಾಡುತ್ತಾರೆ ಅಂತ ನಿಮಗೂ ಗೊತ್ತು.

ಬಾಡಿಗೆಯವರಿಗೆ ನಡೆಯುವ ದಾರಿ ಹೀಗೆ. ನಿಮ್ಮ ಮನೆ ಮೀಟರಿನಿಂದ ಪಾರ್ಕಿಂಗ್ ತನಕ ದಪ್ಪ ತಾಮ್ರದ ವೈರ್ ಎಳೆಸಿ, ತುದಿಯಲ್ಲಿ ಲೋಡ್ ಜಾಸ್ತಿಯಾದರೆ ಬೀಳುವ ಒಂದು ಎಂಸಿಬಿ, ಶಾಕ್ ಹೊಡೆದರೆ ತಕ್ಷಣ ಬೀಳುವ ಟ್ರಿಪ್ಪರ್, ಒಳ್ಳೆ ಕಂಪನಿಯ 16 ಆಂಪ್ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಅಥವಾ ಕಾಮನ್ ಮೀಟರಿನಿಂದ ತಗೊಂಡು ಮಧ್ಯೆ ಒಂದು ಸಬ್ ಮೀಟರ್ ಹಾಕಿ, ಯೂನಿಟ್‌ಗೆ ಎಂಟೋ ಹತ್ತೋ ರೂಪಾಯಿ ಅಂತ ಮಾಲೀಕರ ಜೊತೆ ಮಾತಾಡಿಕೊಳ್ಳಿ. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಅವರಿಗೂ ಏನಾದರೂ ಉಳಿದರೆ ಬೇಗ ಒಪ್ಪುತ್ತಾರೆ. ನಮ್ಮ ಮಾಲೀಕರಿಗೆ ದುಡ್ಡಿನ ಚಿಂತೆ ಇರಲಿಲ್ಲ, ‘ಮಳೆ ಬಂದಾಗ ಗೇಟ್ ಮುಟ್ಟಿದರೆ ಶಾಕ್ ಹೊಡೆಯಲ್ಲ ತಾನೆ’ ಅನ್ನುವುದೊಂದೇ ಪ್ರಶ್ನೆ. ಎಲೆಕ್ಟ್ರಿಷಿಯನ್ ಎದುರಿಗೇ ಟ್ರಿಪ್ಪರ್ ಒತ್ತಿ ತೋರಿಸಿದ ಮೇಲೆ ಸುಮ್ಮನಾದರು. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಮಾತ್ರ ಚಾರ್ಜ್ ಮಾಡಬೇಡಿ. ಗಂಟೆಗಟ್ಟಲೆ 14–15 ಆಂಪ್ ಒಂದೇ ಸಮ ಎಳೆಯುತ್ತದೆ, ಸಾದಾ ಬೋರ್ಡ್ ಕರಗಿಹೋಗುತ್ತದೆ.

ಇನ್ನು 7.2 ಕಿಲೋವ್ಯಾಟ್ ಗೋಡೆ ಚಾರ್ಜರ್. ಡೀಲರ್ ಅದನ್ನು ಮಾರಲು ನೋಡುತ್ತಾರೆ. ನಿಮಗೆ ಬೇಡ. ಅದಕ್ಕೆ ಮಂಜೂರಾದ ಲೋಡ್ ಮೂರರಿಂದ ಹತ್ತಕ್ಕೆ ಏರಿಸಬೇಕು ಅಂತಿಟ್ಟುಕೊಳ್ಳಿ, ಅದೇ 145ರ ಲೆಕ್ಕದಲ್ಲಿ ಏಳು ಕಿಲೋವ್ಯಾಟಿಗೆ ತಿಂಗಳಿಗೆ 1015 ರೂಪಾಯಿ ನಿಗದಿತ ಶುಲ್ಕ ಜಾಸ್ತಿ, ಕಾರ್ ಓಡಲಿ ಬಿಡಲಿ. ನಿಮ್ಮ ಇಡೀ ತಿಂಗಳ ಚಾರ್ಜಿಂಗಿಗಿಂತ ಅದೇ ದುಬಾರಿ! ನಿಮ್ಮ 40 ಕಿ.ಮೀ.ಗೆ ಬೇಕಾಗಿರುವುದು ಐದಾರು ಯೂನಿಟ್, 15 ಆಂಪ್ ಪ್ಲಗ್‌ನಲ್ಲಿ ಎರಡು ಗಂಟೆ. ಊಟ ಮಾಡಿ ಪಾತ್ರೆ ತೊಳೆಯುವಷ್ಟರಲ್ಲಿ ಮುಗಿಯಿತು.

ದಿನಾ ಹಾಕಬೇಕಾ ಅಂದರೆ, ಬೇಡ. ನಾನು ಮೂರು ದಿನಕ್ಕೊಮ್ಮೆ ರಾತ್ರಿ ಹಾಕುತ್ತೇನೆ. ದಿನಾ ಹಾಕಿದರೂ ತಪ್ಪಿಲ್ಲ. ಟಿಯಾಗೊ, ನೆಕ್ಸಾನ್, ವಿಂಡ್ಸರ್ ಇವುಗಳಲ್ಲಿ ಇರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಬೇರೆ ಜಾತಿಯ ಬ್ಯಾಟರಿಗಳಿಗೆ ಹೋಲಿಸಿದರೆ ಗಟ್ಟಿ ಪಿಂಡ. ಅದರ ವೋಲ್ಟೇಜ್ ತುಂಬಿರುವಾಗಲೂ ಅರ್ಧ ಇರುವಾಗಲೂ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಹಾಗಾಗಿ ಒಳಗೆ ಎಷ್ಟು ಉಳಿದಿದೆ ಅಂತ ಕಾರಿಗೇ ಅಂದಾಜು ತಪ್ಪುತ್ತಾ ಹೋಗುತ್ತದೆ. ಅದಕ್ಕೇ ಆಗಾಗ ನಿಧಾನದ ಚಾರ್ಜಿನಲ್ಲಿ ಶೇ. ನೂರರ ತನಕ ತುಂಬಿಸಿ ಅನ್ನುವುದು. ‘ಎಂಬತ್ತು ದಾಟಿಸಬೇಡಿ’ ಅನ್ನುವ ಮಾತನ್ನು ಎಲ್ಲ ಕಾರಿಗೂ ಹೇಳಿಕೊಂಡು ತಿರುಗುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡಿ, ನಿಮ್ಮ ಕಾರಿನ ಮ್ಯಾನುಯಲ್ ಓದಿ.

ಫಾಸ್ಟ್ ಚಾರ್ಜ್ ಊರಿಗೆ ಹೋಗುವಾಗ ಮಾಡಿದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ದಿನಾ ಅದೇ ಅಂದರೆ ಬಿಸಿ ಜಾಸ್ತಿ, ಸವೆತ ಜಾಸ್ತಿ. ನನಗಂತೂ ಬ್ಯಾಟರಿಗಿಂತ ಜೇಬಿನದೇ ಚಿಂತೆ. ಹೊರಗಿನ ಡಿಸಿ ಚಾರ್ಜರ್‌ಗಳಲ್ಲಿ, ಅಂದರೆ ಫಾಸ್ಟ್ ಚಾರ್ಜರ್‌ಗಳಲ್ಲಿ, ಯೂನಿಟ್‌ಗೆ 18ರಿಂದ 25 ರೂಪಾಯಿ, ಕೆಲವು ಕಡೆ ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಬರೀ ಇದನ್ನೇ ನಂಬಿದರೆ ನಿಮಗೆ ತಿಂಗಳಿಗೆ ಮೂರು ಸಾವಿರ, ವಾರಕ್ಕೆರಡು ಸಲ ಒಂದೊಂದು ಗಂಟೆ ಎಲ್ಲೋ ಮಾಲ್ ಬೇಸ್‌ಮೆಂಟಿನಲ್ಲಿ ಕೂತು ಮೊಬೈಲ್ ನೋಡುವ ಕೆಲಸ. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್, ಒಂದೊಂದರಲ್ಲೂ ವ್ಯಾಲೆಟ್, ಎಲ್ಲದರಲ್ಲೂ ನಮ್ಮ ದುಡ್ಡು ನೂರಿನ್ನೂರು ಸುಮ್ನೆ ಕೂತಿರುತ್ತದೆ. ಮ್ಯಾಪಿನಲ್ಲಿ ಹಸಿರು ತೋರಿಸುತ್ತಿದ್ದರೂ ಹೋಗಿ ನೋಡಿದರೆ ಜಾಗದಲ್ಲಿ ಪೆಟ್ರೋಲ್ ಕಾರ್ ನಿಲ್ಲಿಸಿ ಹೋಗಿರುತ್ತಾರೆ. 60 ಕಿಲೋವ್ಯಾಟ್ ಅಂತ ಬರೆದಿದ್ದರೂ ಎಷ್ಟೋ ಕಡೆ ಎರಡು ಗನ್ (ಕಾರಿಗೆ ಚುಚ್ಚುವ ತುದಿ) ಇರುತ್ತದೆ, ಪಕ್ಕದವನು ಬಂದು ಹಾಕಿದರೆ ಕರೆಂಟ್ ಅರ್ಧರ್ಧ ಹಂಚಿಹೋಗುತ್ತದೆ.

ಶೇ. ಎಂಬತ್ತು ತುಂಬಿದ ಮೇಲೆ ಕಿತ್ತುಕೊಂಡು ಹೊರಡುವುದು ಡಿಸಿ ಚಾರ್ಜರಿನಲ್ಲಿ ಮಾತ್ರ ಸರಿಯಾದ ಅಭ್ಯಾಸ. ಆಮೇಲೆ ವೇಗ ಇಳಿಯುತ್ತಾ ಹೋಗುತ್ತದೆ, ಕೊನೆಯ ಇಪ್ಪತ್ತಕ್ಕೆ ಕಾಯುವ ಹೊತ್ತು ದಂಡ, ಹಿಂದೆ ಒಬ್ಬ ಕಾಯುತ್ತಾ ಇರುತ್ತಾನೆ.

ಊರಿನ ವಿಷಯ. ನಮ್ಮದು ಕಡೂರು ಕಡೆ, ನಿಮ್ಮದೇ ದಾರಿ. ಸಿಟಿ ಟ್ರಾಫಿಕ್ಕಿನಲ್ಲಿ ಒಳ್ಳೆ ರೇಂಜ್ ಕೊಟ್ಟ ಕಾರ್ ಹೈವೇಯಲ್ಲಿ ನೂರರಲ್ಲಿ ಓಡಿಸಿದರೆ ಕಮ್ಮಿ ಕೊಡುತ್ತದೆ, ಪೆಟ್ರೋಲ್ ಕಾರಿಗೆ ಪೂರಾ ಉಲ್ಟಾ. ಬ್ರೇಕ್ ಹಾಕುವಾಗ ವಾಪಸ್ ಸಿಗುತ್ತಿದ್ದ ಕರೆಂಟ್ ಅಲ್ಲಿ ಸಿಗುವುದಿಲ್ಲ, ಗಾಳಿಯ ತಡೆ ಬೇರೆ. ಎಂಬತ್ತರ ಸ್ಪೀಡಿನಲ್ಲಿ ಹೋದರೆ ಆರಾಮ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಚಾರ್ಜ್ ಹಾಕಿಬಿಡೋಣ ಅನ್ನಿಸುತ್ತದೆ, ಆದರೆ ಅಷ್ಟು ಬೇಗ ಹಾಕಿ ಪ್ರಯೋಜನ ಇಲ್ಲ, ಬ್ಯಾಟರಿ ಇನ್ನೂ ಅರ್ಧದ ಮೇಲೇ ಇರುತ್ತದೆ. ತಿಪಟೂರಿನ ಆಸುಪಾಸಿಗೆ ನಿಲ್ಲಿಸಿದರೆ ಸರಿಹೋಗುತ್ತದೆ. ಒಂದು ಚಾರ್ಜರ್ ನಂಬಿ ಹೊರಡಬೇಡಿ, ಅದು ಕೆಟ್ಟಿದ್ದರೆ ಮುಂದಿನದಕ್ಕೆ ತಲುಪುವಷ್ಟು ಉಳಿದಿರಬೇಕು.

ಊರು ಮುಟ್ಟಿದ ಮೇಲೆ ನಿಜವಾದ ಆಟ ಅರ್ಥಿಂಗ್‌ದು. ತೋಟದ ಮನೆಗಳಲ್ಲಿ ಮಿಕ್ಸಿ, ಟಿವಿ, ಫ್ರಿಜ್ ಎಲ್ಲ ನಡೆಯುತ್ತದೆ, ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ಹಾಕಿ ಕೂರುತ್ತದೆ. ಅರ್ಥ್ ಸರಿ ಇಲ್ಲದಿದ್ದರೆ ಅದು ಕರೆಂಟ್ ತಗೊಳ್ಳುವುದೇ ಇಲ್ಲ. ನಮ್ಮಲ್ಲಿ ಹೊಸದಾಗಿ ಗುಂಡಿ ತೆಗೆಸಿ, ಜಿಐ ಪೈಪ್ ಹೂತು, ಉಪ್ಪು ಇದ್ದಿಲು ತುಂಬಿಸಿದೆವು. ಬೇಸಿಗೆಯಲ್ಲಿ ಅಪ್ಪ ಅದಕ್ಕೆ ಎರಡು ಕೊಡ ನೀರು ಹಾಕುತ್ತಾರೆ, ಇಲ್ಲದಿದ್ದರೆ ಮತ್ತೆ ಕೆಂಪು ದೀಪ. ಪಂಪ್‌ಸೆಟ್ ಲೈನಿನ ಮೇಲಿರುವ ಮನೆಯಾದರೆ ರಾತ್ರಿ ವೋಲ್ಟೇಜ್ ಬಿದ್ದು ಚಾರ್ಜ್ ನಿಂತುಹೋಗುವುದೂ ಉಂಟು. ನಿಮ್ಮೂರ ಮನೆಗೆ ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಅಳೆಸಿ, ಕಾರ್ ಬುಕ್ ಮಾಡುವ ಮುಂಚೆ.

ಅದಕ್ಕಿಂತ ಮುಂಚೆ ಬೆಂಗಳೂರಿನ ಮಾಲೀಕರನ್ನು ಕೇಳಿ. ಪ್ಲಗ್ ಪಾಯಿಂಟಿಗೆ ಅವರು ಒಪ್ಪಿದರೆ ಯೋಚನೆ ಮಾಡದೆ ತಗೊಳ್ಳಿ. ಒಪ್ಪದಿದ್ದರೆ, ಆಫೀಸಿನಲ್ಲೂ ಚಾರ್ಜಿಂಗ್ ಇಲ್ಲದಿದ್ದರೆ, ಈ ಮನೆಯಲ್ಲಿ ಇರುವ ತನಕ ಸಿಎನ್‌ಜಿ ಕಾರೇ ವಾಸಿ.