ದಿಂಬಿಗೆ ತಲೆಯಿಟ್ಟು ಮಲಗಿದ್ದ ಯೇಸು

"ಕಣ್ಣು ಮುಚ್ಚಿದರೆ ಸಾಕು, ನನ್ನನ್ನೇ ದುರುಗುಟ್ಟಿ ನೋಡ್ತಾರೆ ಮೇಡಂ."

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು ಕೂತ ಐದು ನಿಮಿಷಕ್ಕೇ ಬಂದ ಮಾತಿದು. ನೋಡುವವರು ಯೇಸು.

ಐವತ್ತು ದಾಟಿದ ಮಹಿಳೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಚಿಕ್ಕಂದಿನಿಂದ ಪ್ರಾರ್ಥನೆ ತಪ್ಪಿಸಿದವರಲ್ಲ. ಜಪಸರ, ಕೀರ್ತನೆ, ಯಾರ್ಯಾರಿಗೋ ಬೇಡಿಕೊಳ್ಳುವ ಉದ್ದದ ಪಟ್ಟಿ, ಎಲ್ಲ ಸಲೀಸು. ಒಂದು ಧ್ಯಾನಕೂಟದಲ್ಲಿ, "ಇನ್ನು ಮಾತು ಬಿಡಿ, ಯೇಸುವನ್ನು ಪ್ರೀತಿಯಿಂದ ನೋಡುತ್ತಾ ಸುಮ್ಮನಿರಿ" ಅಂದರಂತೆ. ತೊಂದರೆ ಶುರುವಾಗಿದ್ದು ಅಲ್ಲಿಂದ. ಮಾತಿರುವಷ್ಟು ದಿನ ಅದರ ಮರೆಯಿತ್ತು. ಮಾತು ನಿಂತಾಗ ಎದುರಿಗೆ ಬಂದದ್ದು ಮಾರ್ಕ್ಸ್ ಕಾರ್ಡ್ ಹಿಡಿದು ನಿಂತ ಅಪ್ಪನ ಮುಖ.

ನಾನು ಮೊದಲು ಕೇಳಿದ್ದು ನಿದ್ದೆ, ಹಸಿವು, ಕೆಲಸದ ಬಗ್ಗೆ. ಪ್ರಾರ್ಥನೆ ಒಣಗಿದೆ ಅಂದಕೂಡಲೇ ಅದನ್ನು ಆಧ್ಯಾತ್ಮದ ಲೆಕ್ಕಕ್ಕೆ ಬರೆದುಬಿಡಬಾರದು. ಖಿನ್ನತೆಯೂ ಹಾಗೇ ಕಾಣಿಸುತ್ತೆ. ಈ ಬಗೆಯ ಪ್ರಾರ್ಥನೆಯನ್ನು 'ಪ್ರೀತಿಯ ಗಮನ' ಎಂದು ಕರೆದ ಸ್ಪೇನಿನ ಸಂತ ಶಿಲುಬೆಯ ಯೋಹಾನರೇ 16ನೇ ಶತಮಾನದಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಿ ಎಂದಿದ್ದರು. ಇವರ ಊಟ, ನಿದ್ದೆ ಚೆನ್ನಾಗಿತ್ತು. ಕೆಲಸವೂ ನಡೆಯುತ್ತಿತ್ತು. ಗಂಟು ಇದ್ದದ್ದು ಒಂದೇ ಕಡೆ.

"ನನಗೆ ಪ್ರೀತಿನೇ ಇಲ್ವೇನೋ" ಅಂದರು. ಸ್ಪೇನಿನ ಸನ್ಯಾಸಿನಿ, ಸಂತ ಆವಿಲಾದ ತೆರೇಸಾ (1515–1582) ಅವರ ವಿಷಯ ಹೇಳಿದೆ. ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಅವರಿಗೆ ವರ್ಷಗಟ್ಟಲೆ ಧೈರ್ಯವಿರಲಿಲ್ಲ. ಎಷ್ಟೋ ಸಲ ಗಂಟೆ ಯಾವಾಗ ಹೊಡೆಯುತ್ತೋ ಅಂತ ಅದಕ್ಕೇ ಕಿವಿಗೊಟ್ಟು ಕೂತಿದ್ದನ್ನು ಅವರೇ ಬರೆದುಕೊಂಡಿದ್ದಾರೆ.

"ನಾನೂ ಮೊಬೈಲ್ ತಿರುಗಿಸಿ ಟೈಮ್ ನೋಡ್ತೀನಿ" ಅಂತ ನಕ್ಕರು. ಮೊದಲ ನಗು.

ಅದೇ ತೆರೇಸಾ ಮುಂದೆ ತಮ್ಮ ಮಠದ ಸೋದರಿಯರಿಗೆ, ದೊಡ್ಡ ದೊಡ್ಡ ಯೋಚನೆ ಬೇಡ, ಆತನನ್ನು ನೋಡಿದರೆ ಸಾಕು ಎಂದರು. ಖುಷಿಯಲ್ಲಿದ್ದರೆ ಪುನರುತ್ಥಾನವಾದ ಯೇಸುವನ್ನು, ದುಃಖವಿದ್ದರೆ ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಸಂಕಟಪಡುವ ಯೇಸುವನ್ನು ನೋಡಿ ಎಂದರು. ನನಗೆ ದಾರಿ ಹೊಳೆದದ್ದು ಇಲ್ಲೇ. ಕಣ್ಣಿಗೆ ಕಣ್ಣು ಕೊಡಲು ಹೆದರುವವರು ಯಾವ ಯೇಸುವನ್ನು ನೋಡಬೇಕು? ನಿದ್ದೆ ಮಾಡುತ್ತಿರುವವನನ್ನು, ಅಲ್ವಾ?

ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಕೊನೆಗೆ ಹೋದೆವು. ಬಿರುಗಾಳಿ, ದೋಣಿಗೆ ನುಗ್ಗುವ ಅಲೆ, ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿರುವ ಯೇಸು. ಆ ದಿಂಬಿನ ಪ್ರಸ್ತಾಪ ಇರುವುದು ಮಾರ್ಕನಲ್ಲಿ ಮಾತ್ರ. ಕಂಡವರು ಹೇಳಿದಂತಿದೆ ಅಂತ ನನಗೆ ಪ್ರತಿ ಸಲ ಅನಿಸುತ್ತೆ.

ದಿನಕ್ಕೆ ಹತ್ತೇ ನಿಮಿಷ ಕೂರಿ ಅಂದೆ. ಆ ಏಳು ವಚನ ಒಮ್ಮೆ ಓದಿ ಪುಸ್ತಕ ಮುಚ್ಚಿ. ಮುಖ ಕಲ್ಪಿಸಿಕೊಳ್ಳಲು ಹೋಗಬೇಡಿ, ಆ ಮುಖ ಹೇಗಿತ್ತೆಂದು ನಾಲ್ಕು ಸುವಾರ್ತೆಗಳಲ್ಲೂ ಬರೆದಿಲ್ಲ. ಒದ್ದೆಯಾದ ಬಟ್ಟೆಯಂಚು ನೋಡಿ, ಸಡಿಲವಾಗಿ ಬಿದ್ದ ಕೈ ನೋಡಿ, ಉಸಿರಾಟ ನೋಡಿ. ಎಬ್ಬಿಸಬೇಡಿ, ಏನೂ ಕೇಳಬೇಡಿ. ಮನಸ್ಸು ಎಲ್ಲಿಗಾದರೂ ಹೋದರೆ ದಿಂಬಿನ ಹತ್ತಿರ ವಾಪಸ್ ಬನ್ನಿ. ಭಯವಾದರೆ ಕಣ್ಣು ತೆರೆದು ಎದ್ದುಬಿಡಿ, ಅದು ಪಾಪವಲ್ಲ. ನಿಮ್ಮ ಗುರುಗಳಿಗೂ ಒಂದು ಮಾತು ಹೇಳಿರಿ. ಅಪ್ಪನ ವಿಷಯವನ್ನು ಪ್ರಾರ್ಥನೆಗೆ ಎಳೆಯುವುದು ಬೇಡ, ಅದನ್ನು ಇಲ್ಲೇ ಮಾತಾಡೋಣ ಅಂದೆ. ಅದಕ್ಕೆ ಬೇರೆ ಮೂರು ಭೇಟಿ ಹಿಡಿಯಿತು.

ಎರಡನೇ ವಾರ ಬಂದು, "ಏನೂ ಆಗಲಿಲ್ಲ, ಸುಮ್ನೆ ಕೂತಿದ್ದೆ" ಅಂದರು.

"ಎಷ್ಟು ಹೊತ್ತು?"

"ಟೈಮ್ ನೋಡಲಿಲ್ಲ."

ಐದನೇ ವಾರ ಕೂರುವ ಮೊದಲೇ ಹೇಳಿದರು, "ಎದ್ರು ಮೇಡಂ."

"ಭಯ ಆಯ್ತಾ?"

"ಎದ್ದವರು ಮೊದಲು ಗದರಿಸಿದ್ದು ಗಾಳೀನ. ನಮ್ಮನ್ನಲ್ಲ."

ನಾನು ಪುಸ್ತಕ ತೆರೆದು ನೋಡಿದೆ. ಹೌದು, ಹೆದರಿದ ಶಿಷ್ಯರು ಎಬ್ಬಿಸಿದಾಗ ಮಾರ್ಕನಲ್ಲಿ ಯೇಸು ಗದರಿಸುವುದು ಗಾಳಿಯನ್ನು ಮೊದಲು, ಶಿಷ್ಯರನ್ನು ಆಮೇಲೆ. ಮತ್ತಾಯನಲ್ಲಿ ಇದು ತಿರುಗುಮುರುಗು, ಶಿಷ್ಯರಿಗೇ ಮೊದಲ ಮಾತು. ಇವರು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದು ಮತ್ತಾಯನದ್ದು.

"ಆಮೇಲೆ ನಿಮ್ಮ ಕಡೆ ತಿರುಗಿದ್ರಾ?"

"ಇಲ್ಲ. ನಾನೇ ಅಲ್ಲಿಗೆ ನಿಲ್ಲಿಸಿದ್ದೀನಿ."

ಅವಸರ ಬೇಡ ಅಂದೆ. ಹತ್ತು ನಿಮಿಷ ಹಾಗೇ ಮುಂದುವರಿದಿದೆ. ಮುಂದಿನ ಭೇಟಿ ಒಂದು ತಿಂಗಳ ನಂತರ.